ನಾಯಿಯ ಪಾಠ, ಒಡೆಯನ ಪರೀಕ್ಷೆ

ನಾಯಿಗಳಿಗೆ ಶಿಕ್ಷಣ ಕೊಡುವುದು ನನ್ನ ವೃತ್ತಿ. ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಹಗ್ಗವನ್ನು ನನ್ನ ಕೈಗಿತ್ತು, "ಇದಕ್ಕೆ ಸ್ವಲ್ಪ ಬುದ್ಧಿ ಕಲಿಸಿಕೊಡಿ" ಎಂದು ಹೇಳಿ ಮರದ ನೆರಳಿಗೆ ಹೋಗಿ ಕುಳಿತುಬಿಡುತ್ತಾರೆ. ಕೆಟ್ಟ ಗಡಿಯಾರವನ್ನು ರಿಪೇರಿಗೆ ಕೊಟ್ಟು ಸಂಜೆ ಬಂದು ಒಯ್ಯುವಂತೆ ನಾಯಿಯನ್ನೂ ಒಯ್ಯಬಹುದೆಂಬುದು ಅವರ ನಂಬಿಕೆ. ನಾನು ಅವರನ್ನು ಮರಳಿ ಕರೆಯುತ್ತೇನೆ. ನಾಯಿಯನ್ನು ನೋಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುತ್ತೇನೆ. ಇದಕ್ಕೆ ಊಟ ಹಾಕುವವರು ಯಾರು? ದಿನಕ್ಕೆ ಎಷ್ಟು ಹೊತ್ತು ಸರಪಳಿಯಲ್ಲಿರುತ್ತದೆ? ಹತ್ತಿರ ಕರೆಯಲು ಯಾವ ಮಾತು ಬಳಸುತ್ತೀರಿ? ಈ ಮೂರನೆಯ ಪ್ರಶ್ನೆಗೆ ಒಂದೇ ಮನೆಯ ನಾಲ್ವರಿಂದ ನಾಲ್ಕು ಉತ್ತರಗಳು ಬರುವುದುಂಟು. ನಾಯಿಯ ಅವಿಧೇಯತೆಯ ಮೂಲ ಬಹುಮಟ್ಟಿಗೆ ಅಲ್ಲಿಯೇ ಸಿಕ್ಕುತ್ತದೆ.

ನಾಯಿ ಕಲಿಯುವ ಬಗೆ ಸರಳವಾದುದು. ತಾನು ಮಾಡಿದ ಕೆಲಸದ ಬೆನ್ನಿಗೇ ಹಿತವಾದುದೇನಾದರೂ ಒದಗಿದರೆ ಆ ಕೆಲಸವನ್ನು ಮತ್ತೆ ಮಾಡುತ್ತದೆ. ಏನೂ ಒದಗದಿದ್ದರೆ ಕ್ರಮೇಣ ಬಿಟ್ಟುಬಿಡುತ್ತದೆ. ಬಂದವರ ಮೈಮೇಲೆ ಹಾರುವ ನಾಯಿಯನ್ನೇ ತೆಗೆದುಕೊಳ್ಳಿ. ತಂದೆ ಗದರಿಸುತ್ತಾರೆ, ಮಗಳು ಅಪ್ಪಿ ಮುದ್ದಿಸುತ್ತಾಳೆ, ಅಜ್ಜಿ ಎರಡೂ ಕೈಗಳಿಂದ ಆಚೆಗೆ ತಳ್ಳುತ್ತಾರೆ. ತಳ್ಳುವುದು ಅಜ್ಜಿಗೆ ನಿರಾಕರಣೆ, ಮರಿಗೆ ಆಟ. ಹೀಗೆ ಹತ್ತು ಸಲ ಹಾರಿದರೆ ನಾಲ್ಕು ಸಲ ಫಲ ದೊರೆಯಿತು. ಆಗೊಮ್ಮೆ ಈಗೊಮ್ಮೆ ದೊರೆಯುವ ಫಲವೇ ಅಭ್ಯಾಸವನ್ನು ಬಹುಕಾಲ ಉಳಿಸುತ್ತದೆಂಬುದನ್ನು ಅಮೆರಿಕದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ತಮ್ಮ ಗ್ರಂಥದಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಜೂಜಿನ ಕಟ್ಟೆಯಿಂದ ಏಳಲಾರದ ಮನುಷ್ಯನನ್ನು ಹಿಡಿದು ಕೂರಿಸುವುದೂ ಇದೇ ನಿಯಮ.

ಇನ್ನೊಂದು ನಿತ್ಯದ ದೃಶ್ಯ. ಹತ್ತು ಸಲ ಕರೆದರೂ ಬಾರದ ನಾಯಿ ಹನ್ನೊಂದನೆಯ ಸಲ ಬಂದಿತು. ತಡವಾಯಿತೆಂದು ಒಡೆಯರು ಬೆತ್ತದಿಂದ ಒಂದೇಟು ಕೊಟ್ಟರು. ಅವರ ಲೆಕ್ಕದಲ್ಲಿ ಅದು ತಡಮಾಡಿದ್ದಕ್ಕೆ ಶಿಕ್ಷೆ. ನಾಯಿಯ ಲೆಕ್ಕದಲ್ಲಿ ಬಂದದ್ದಕ್ಕೆ ಸಿಕ್ಕ ಕೂಲಿ. ಮರುದಿನ ಅದು ಇನ್ನಷ್ಟು ದೂರದಲ್ಲಿ ನಿಲ್ಲುತ್ತದೆ. "ಮುಖ ತಗ್ಗಿಸುತ್ತದಲ್ಲ, ತಪ್ಪೆಂದು ಅದಕ್ಕೇ ಗೊತ್ತು" ಎನ್ನುವವರಿದ್ದಾರೆ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿ ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ನಾಯಿ ನಿಷೇಧಿಸಿದ ತಿಂಡಿಯನ್ನು ತಿಂದಿರಲಿ ಬಿಡಲಿ, ಒಡೆಯ ಗದರಿಸಿದಾಗ ಆ 'ಅಪರಾಧಿ ಮುಖ' ಹೆಚ್ಚಾಗಿ ಕಾಣಿಸಿಕೊಂಡಿತು. ನಾವು ಪಶ್ಚಾತ್ತಾಪವೆಂದು ಓದುವುದು ಬಹುಶಃ ನಮ್ಮದೇ ಕೋಪದ ಪ್ರತಿಬಿಂಬ.

ನಾಯಿ ತೋಳದ ವಂಶದ್ದು, ಆದುದರಿಂದ ಅದನ್ನು ನೆಲಕ್ಕೆ ಅದುಮಿ ನೀವೇ ಹಿಂಡಿನ ನಾಯಕರೆಂದು ತೋರಿಸಬೇಕೆಂಬ ಉಪದೇಶವೂ ಪ್ರಚಾರದಲ್ಲಿದೆ. ಇದಕ್ಕೆ ಆಧಾರವಾದದ್ದು ಮುಖ್ಯವಾಗಿ ಬಂಧನದಲ್ಲಿದ್ದ ತೋಳಗಳನ್ನು ಕಂಡು ಶೆಂಕೆಲ್ 1947ರಲ್ಲಿ ಬರೆದ ಪ್ರಬಂಧ. ಕಾಡಿನ ತೋಳಗಳನ್ನು ದೀರ್ಘಕಾಲ ಅಭ್ಯಸಿಸಿದ ಡೇವಿಡ್ ಮೆಕ್ 1999ರಲ್ಲಿ ಬೇರೊಂದು ಚಿತ್ರ ಕೊಟ್ಟರು: ಸಾಮಾನ್ಯವಾಗಿ ಹಿಂಡೆಂದರೆ ತಾಯಿ, ತಂದೆ, ಮಕ್ಕಳ ಒಂದು ಸಂಸಾರ, ಅಲ್ಲಿ ಹಿರಿತನವು ಕಾದಾಡಿ ಗೆದ್ದ ಪಟ್ಟವಲ್ಲ. ನಾಯಿಯನ್ನು ಅದುಮಿ ಹಿಡಿದವರು ಅದಕ್ಕೆ ಕಲಿಸುವುದು ಭಯವನ್ನು. ಭಯಗೊಂಡ ನಾಯಿ ಒಂದು ದಿನ ಕಚ್ಚೀತು.

ತಳಿಯ ಸ್ವಭಾವವನ್ನೂ ಮರೆಯಲಾಗದು. ನಮ್ಮ ಮುಧೋಳದ ನಾಯಿಯನ್ನು ನೋಡಿ. ನೀಳವಾದ ಕಾಲು, ಸಣ್ಣ ನಡು, ತೀಕ್ಷ್ಣ ದೃಷ್ಟಿ. ಮೊಲವನ್ನು ಕಣ್ಣಿನಿಂದ ಗುರುತಿಸಿ ಓಡಿ ಹಿಡಿಯಲೆಂದೇ ತಲೆಮಾರುಗಳಿಂದ ಬೆಳೆಸಿದ ತಳಿ ಅದು. 2016ರಲ್ಲಿ ಸೇನೆಯವರು ಇದರ ಮರಿಗಳನ್ನು ಮೀರತ್ತಿನ ತಮ್ಮ ಕೇಂದ್ರಕ್ಕೆ ಒಯ್ದು ತರಬೇತಿಗೆ ತೊಡಗಿಸಿದರು. ಪಟ್ಟಣದವರೂ ಅದನ್ನು ಬಯಸಿ ತರುತ್ತಾರೆ. ಮೂರನೆಯ ಅಂತಸ್ತಿನ ಮನೆ, ಹತ್ತು ನಿಮಿಷದ ಅಡ್ಡಾಟ. ಬೆಕ್ಕನ್ನು ಕಂಡು ಹಗ್ಗ ಕಿತ್ತು ಓಡಿದಾಗ ಮಾತು ಕೇಳುವುದಿಲ್ಲವೆಂಬ ದೂರು. ಓಟವೇ ಅದಕ್ಕೆ ಬಹುಮಾನವಾಗಿರುವಾಗ ಕೈಯಲ್ಲಿರುವ ಬಿಸ್ಕತ್ತಿಗೆ ಏನು ಬೆಲೆ? ಬೇಲಿಯುಳ್ಳ ಬಯಲಿನಲ್ಲಿ ದಿನವೂ ಓಡಿಸಿ, ಸಾಧ್ಯವಿಲ್ಲದಿದ್ದರೆ ಆ ತಳಿಯನ್ನು ತರಲೇಬೇಡಿ ಎಂದು ನಾನು ಹೇಳುತ್ತೇನೆ.

ನಾನು ಮನೆಯವರಿಗೆ ವಿಧಿಸುವ ನೇಮಗಳು ಕೆಲವೇ. ಕರೆಯಲು ಎಲ್ಲರೂ ಒಂದೇ ಮಾತು ಬಳಸಬೇಕು. ಕರೆದು ಎಂದೂ ದಂಡಿಸಬಾರದು. ಹಾರಿದಾಗ ಎಲ್ಲರೂ ಬೆನ್ನು ತಿರುಗಿಸಬೇಕು. ನಾಲ್ಕೂ ಪಾದಗಳು ನೆಲದಲ್ಲಿದ್ದಾಗ ಎಲ್ಲರೂ ಮೈದಡವಬೇಕು. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಪಾಠ ನಡೆಯಬೇಕು. ಇದರಲ್ಲಿ ನಾಯಿಗೆ ಕಷ್ಟವಾದುದು ಏನೂ ಇಲ್ಲ. ಬೇಸರವಾದ ದಿನವೂ, ನೆಂಟರು ಬಂದ ದಿನವೂ ನೇಮವನ್ನು ತಪ್ಪದೆ ನಡೆಸುವುದು ಮನುಷ್ಯರಿಗೆ ಕಷ್ಟ. ನನ್ನಲ್ಲಿ ಕಲಿತದ್ದನ್ನು ನಾಯಿ ಮನೆಯಲ್ಲಿ ಮರೆಯಿತೆಂದು ಹೇಳುವವರಿಗೆ ನನ್ನ ಉತ್ತರ ಇಷ್ಟೇ: ಅದು ಮರೆತಿಲ್ಲ, ಈ ಮನೆಯಲ್ಲಿ ಆ ನೇಮ ನಡೆಯುವುದಿಲ್ಲವೆಂದು ಹೊಸದಾಗಿ ಕಲಿತಿದೆ.

ಹಟಮಾರಿ ಎಂದು ಹೆಸರಾದ ನಾಯಿಯ ಗತಿ ಏನಾಗುತ್ತದೆ? ಹಿತ್ತಲಿನ ಮೊಳದುದ್ದದ ಸರಪಳಿ. ಅದೂ ಸಾಲದೆಂದಾಗ ರಾತ್ರಿಯ ವೇಳೆ ದೂರದ ಯಾವುದೋ ಹೆದ್ದಾರಿ. ಸಾಕಿದ ಪ್ರಾಣಿಯನ್ನು ಹೀಗೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಬಿಟ್ಟುಹೋದ ಜಾಗದಲ್ಲಿಯೇ ಕುಳಿತು ಪ್ರತಿಯೊಂದು ಮೋಟಾರಿನ ಸದ್ದಿಗೂ ಎದ್ದು ನಿಲ್ಲುವ ನಾಯಿಗಳನ್ನು ನಾನು ಕಂಡಿದ್ದೇನೆ. ಒಡೆಯನಿಗಾಗಿ ಕಾಯುವುದನ್ನು ಅವುಗಳಿಗೆ ಯಾರೂ ಕಲಿಸಿರಲಿಲ್ಲ.