ಅಬ್ಯಾನೆ ಊರಿನ ಲೆಕ್ಕ



ನಾವು ಇಲ್ಲಿ ಕೂತು ಮೊದಲು ಬರೆದದ್ದು ಹೆಸರು. ಆಮೇಲೆ ಊರು, ಹೋಬಳಿ, ತಾಲ್ಲೂಕು, ಜಿಲ್ಲೆ. ಇವತ್ತು ದೂರದ ಒಂದು ಹಳ್ಳಿಯ ವಿಳಾಸ ಓದೋಣ. ಹಳ್ಳಿಯ ಹೆಸರು ಅಬ್ಯಾನೆ. ದೇಶ ಇರಾನ್. 1935ರವರೆಗೆ ಹೊರಗಿನವರು ಆ ದೇಶವನ್ನು ಪರ್ಶಿಯಾ ಅಂತ ಕರೀತಿದ್ದರು.

ಎಲ್ಲಿದೆ ಇರಾನ್? ನಮ್ಮ ದೇಶದ ಪಶ್ಚಿಮಕ್ಕೆ ಪಾಕಿಸ್ತಾನ. ಅದನ್ನು ದಾಟಿದರೆ ಇರಾನ್. ಅಲ್ಲಿನ ಭಾಷೆ ಫಾರ್ಸಿ. ನಮಗೆ ತಿಳಿಯದ ಭಾಷೆ ಅನ್ನಬೇಡಿ. ಜಮೀನು, ರಸ್ತೆ, ಸರ್ಕಾರ ಅಂತ ದಿನಾ ಆಡ್ತೀವಲ್ಲ, ಇವೆಲ್ಲ ಫಾರ್ಸಿಯಿಂದ ಬಂದ ಮಾತುಗಳೇ.

ಅಲ್ಲಿಯೂ ವಿಳಾಸ ಬರೆಯುವ ಕ್ರಮ ಇದೆ. ಹಳ್ಳಿಗೆ ‘ದೇಹ್’ ಅನ್ನುತ್ತಾರೆ. ಹಲವು ಹಳ್ಳಿ ಸೇರಿದರೆ ‘ದೇಹಿಸ್ತಾನ್’. ನಮ್ಮ ಹೋಬಳಿ ಇದ್ದ ಹಾಗೆ. ಅಬ್ಯಾನೆ ಇರುವುದು ಇಸ್ಫಹಾನ್ ಪ್ರಾಂತದಲ್ಲಿ, ನತಂಜ್ ಪಟ್ಟಣದ ಕಡೆ. ಊರ ಬೆನ್ನಿಗೆ ಕರ್ಕಸ್ ಬೆಟ್ಟ. ಕರ್ಕಸ್ ಅಂದರೆ ರಣಹದ್ದು.

ಊರು ಬೆಟ್ಟದ ಇಳಿಜಾರಿನಲ್ಲಿದೆ. ಮನೆಗಳು ಕೆಂಪು ಮಣ್ಣಿನವು. ಮೆಟ್ಟಿಲ ಹಾಗೆ ಒಂದರ ಮೇಲೊಂದು. ಕೆಳಗಿನ ಮನೆಯ ಮಾಳಿಗೆಯೇ ಮೇಲಿನ ಮನೆಯವರಿಗೆ ಅಂಗಳ! ಹೆಂಗಸರು ಹೂವಿನ ಚಿತ್ರವಿರುವ ಬಿಳಿ ಬಟ್ಟೆಯನ್ನು ತಲೆಯಿಂದ ಹೆಗಲ ಮೇಲೆ ಹೊದೆಯುತ್ತಾರೆ. ಹಳೇ ಬಾಗಿಲುಗಳಲ್ಲಿ ಬಡಿಯುವುದಕ್ಕೆ ಎರಡು ಕಬ್ಬಿಣ. ಉದ್ದನೆಯದು ಗಂಡಸರಿಗೆ, ಬಳೆಯಂಥದ್ದು ಹೆಂಗಸರಿಗೆ. ಸದ್ದು ಬೇರೆ ಬೇರೆ. ಬಂದವರು ಗಂಡಸೋ ಹೆಂಗಸೋ ಅಂತ ಒಳಗಿದ್ದವರಿಗೆ ಸದ್ದಿನಲ್ಲೇ ತಿಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಬಳಪ ತೊಗೊಳ್ಳಿ.

ಇರಾನಿನಲ್ಲಿ ಇಡೀ ದೇಶದ ಮೊದಲ ಜನಗಣತಿ 1956ರಲ್ಲಿ ಆಯಿತು. 2006ರಲ್ಲೂ ಒಂದು ಗಣತಿ ಆಯಿತು. ಆಗ ಅಬ್ಯಾನೆಯಲ್ಲಿ ಸಿಕ್ಕವರು ಸುಮಾರು 300 ಜನ. ಸಂಸಾರಗಳು ಸುಮಾರು 160. ಒಂದು ಸಂಸಾರಕ್ಕೆ ಇಬ್ಬರಂತೆ ಹಿಡಿದರೂ 160ಕ್ಕೆ ಎಷ್ಟು ಜನ ಬೇಕು? 320. ಇರುವವರು 300. ಅಂದರೆ ಮನೆಗೆ ಇಬ್ಬರೂ ಪೂರಾ ಇಲ್ಲ. ಎಷ್ಟೋ ಮನೆಯಲ್ಲಿ ಒಬ್ಬರೇ.

ಮಕ್ಕಳೆಲ್ಲಿ, ಸೊಸೆಯಂದಿರೆಲ್ಲಿ ಅಂತ ಕೇಳ್ತೀರಿ. ನಾವೂ ಅದನ್ನೇ ಕೇಳಬೇಕು. ಹರೆಯದವರು ಕೆಲಸ ಹುಡುಕಿ, ಓದು ಹುಡುಕಿ ಟೆಹರಾನ್‌ನಂಥ ಪೇಟೆಗಳಿಗೆ ಹೋದರು. ಅಲ್ಲೇ ಮನೆ ಮಾಡಿದರು. ಊರಲ್ಲಿ ಉಳಿದವರು ಹೆಚ್ಚಾಗಿ ವಯಸ್ಸಾದವರು. ಕೆಂಪು ಮನೆ ನೋಡುವುದಕ್ಕೆ ಪ್ರವಾಸಿಗರು ಬರುತ್ತಾರೆ. ಮುದುಕಿಯರು ಬೀದಿ ಬದಿಯಲ್ಲಿ ಕೂತು ಒಣಗಿದ ಹಣ್ಣು ಮಾರುತ್ತಾರೆ. ಪ್ರವಾಸಿಗರು ಫೋಟೋ ತೆಗೆದುಕೊಂಡು ಸಂಜೆಗೆ ಹೊರಟುಬಿಡುತ್ತಾರೆ. ಅವರು ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನೊಂದು ಮಾತು. 2006ರ ಗಣತಿ ನಡೆದದ್ದು ಅಕ್ಟೋಬರ್ ಕೊನೆ, ನವೆಂಬರ್ ದಿನಗಳಲ್ಲಿ. ಚಳಿ ಶುರುವಾಗುವ ಹೊತ್ತು. ಬೇಸಿಗೆಯಲ್ಲಿ ಹೋದರೆ ಊರು ಬೇರೆಯೇ. ಪೇಟೆಯ ಮಕ್ಕಳು, ಮೊಮ್ಮಕ್ಕಳು ಬಂದಿರುತ್ತಾರೆ. ಮೊಹರಮ್ಮಿಗೂ ಬರುತ್ತಾರೆ. ಮೊಹರಂ ನಮ್ಮ ಹಳ್ಳಿಗಳಲ್ಲೂ ಗೊತ್ತಿರುವುದೇ. ಅಬ್ಯಾನೆಯಲ್ಲಿ ಆಗ ‘ನಖ್ಲ್’ ಎಂಬ ಮರದ ದೊಡ್ಡ ಚೌಕಟ್ಟನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಬಹಳ ಭಾರ. ಮುದುಕರಿಂದ ಆಗುವ ಕೆಲಸವಲ್ಲ. ಊರು ಬಿಟ್ಟ ಗಂಡುಮಕ್ಕಳು ಬಂದು ಹೆಗಲು ಕೊಡಬೇಕು. ಅವರ ಹೆಸರು ಬರೆದಿರುವುದು ಪೇಟೆಯ ಪಟ್ಟಿಯಲ್ಲಿ. ಹಬ್ಬ ಮುಗಿದ ಮೇಲೆ ಅವರು ಬಸ್ಸು ಹತ್ತುತ್ತಾರೆ. ಬಾಗಿಲು ಮುಚ್ಚಿಕೊಂಡು ಒಳಗೆ ಹೋಗುವವರು ಮತ್ತೆ ಆ 300 ಜನವೇ.