ಚಿತ್ರ ಹೇಳದ ಮಾತು

ಎಳೆಗೂಸಿನ ಮೆದುಳಿನ ಚಿತ್ರವನ್ನು ನಾನು ಬೆಳಕಿಗೆ ಹಿಡಿದಾಗಲೆಲ್ಲ ತಾಯಂದಿರು ಕೇಳುವುದು ಒಂದೇ ಪ್ರಶ್ನೆ: "ಡಾಕ್ಟರೇ, ನನ್ನ ಮಗು ಎಲ್ಲರ ಹಾಗೆ ಆಗುತ್ತಾ?" ಮಕ್ಕಳ ವೈದ್ಯನಾದ ನಾನು ಒಮ್ಮೆ ಅವಸರದಿಂದ ಕೊಟ್ಟ ಉತ್ತರವೇ ಈ ಭಾಷಣಕ್ಕೆ ಕಾರಣ.

ತಾಯಿಯ ಒಡಲಿನಲ್ಲೇ ಶಿಶುವಿಗೆ ವೈರಸ್ ಸೋಂಕು ತಗಲಿ ಅಂಗಗಳು ಊನವಾಗಬಹುದೆಂಬುದನ್ನು ಜಗತ್ತು ಅರಿತದ್ದು 1941ರಲ್ಲಿ. ಆಸ್ಟ್ರೇಲಿಯಾದ ಸಿಡ್ನಿ ನಗರದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಅವರು ಕಣ್ಣಿನಲ್ಲಿ ಪೊರೆಯಿದ್ದೇ ಹುಟ್ಟಿದ 78 ಕೂಸುಗಳ ವಿವರ ಪ್ರಕಟಿಸಿದರು. ಅವರಲ್ಲಿ 68 ಮಕ್ಕಳ ತಾಯಂದಿರಿಗೆ ಬಸುರಿನಲ್ಲಿ ರುಬೆಲ್ಲಾ ಬಂದಿತ್ತು. ಇಂಥ ಮಕ್ಕಳಲ್ಲಿ ಅನೇಕರಿಗೆ ಕಿವಿಯೂ ಕೇಳಿಸದೆಂಬುದು ಬೆಳಕಿಗೆ ಬಂದದ್ದು ಅನಂತರ. ಕಣ್ಣಿನ ದೋಷ ಕಾಣುತ್ತದೆ; ಕಿವಿಯ ದೋಷ ಕಾಯಿಸಿ ಸತಾಯಿಸುತ್ತದೆ.

ರುಬೆಲ್ಲಾಕ್ಕೆ ಲಸಿಕೆ ಬಂದಿತು. 2017ರಲ್ಲಿ ಕರ್ನಾಟಕದಲ್ಲಿಯೂ ಅದರ ಅಭಿಯಾನ ನಡೆಯಿತು. ಆದರೆ ಸೈಟೋಮೆಗಾಲೋ ವೈರಸ್ ಎಂಬ ಇನ್ನೊಂದಕ್ಕೆ ಇಂದಿಗೂ ಬಳಕೆಯಲ್ಲಿ ಲಸಿಕೆಯಿಲ್ಲ. ಚಿಕ್ಕ ಮಕ್ಕಳ ಜೊಲ್ಲು, ಮೂತ್ರಗಳಿಂದ ಅದು ಹರಡುತ್ತದೆ. ತಾಯಿಗೆ ಬಹುಮಟ್ಟಿಗೆ ಅದರ ಸುಳಿವೇ ಇರುವುದಿಲ್ಲ. ಸೋಂಕಿನೊಡನೆ ಹುಟ್ಟಿದ ನೂರು ಕೂಸುಗಳಲ್ಲಿ ಸುಮಾರು ಹತ್ತಕ್ಕೆ ಮಾತ್ರ ಹುಟ್ಟುವಾಗ ಚಿಹ್ನೆಗಳಿರುತ್ತವೆ: ಸಣ್ಣ ತಲೆ, ಕಾಮಾಲೆ, ಚರ್ಮದ ಮೇಲೆ ಕೆಂಪು ಚುಕ್ಕೆ.

ಚಿತ್ರದಲ್ಲಿ ನಾವು ನೋಡುವುದೇನು? ಮೆದುಳಿನ ಕೋಶಗಳು ಒಳಗಿನ ಕುಹರಗಳ ಅಂಚಿನಲ್ಲಿ ಹುಟ್ಟಿ ಹೊರಮೈಯತ್ತ ಪಯಣಿಸುತ್ತವೆ. ಬಸುರಿನ ಮೊದಲ ತಿಂಗಳುಗಳಲ್ಲಿ ಸೋಂಕು ತಗಲಿದರೆ ಈ ಪಯಣ ಕೆಟ್ಟು, ಮೆದುಳಿನ ಮಡಿಕೆಗಳು ಕ್ರಮ ತಪ್ಪಬಹುದು. ಕುಹರಗಳ ಸುತ್ತ ಸುಣ್ಣದ ಕಣಗಳು ಬಿಳಿಯ ಚುಕ್ಕೆಗಳಾಗಿ ತೋರುತ್ತವೆ. ತಡವಾಗಿ ತಗಲಿದರೆ ಮಡಿಕೆಗಳು ಸರಿಯಾಗಿಯೇ ಇದ್ದು, ಒಳಗಿನ ಬಿಳಿಯ ಭಾಗದಲ್ಲಷ್ಟೇ ಕಲೆ ಉಳಿಯಬಹುದು. ಮಡಿಕೆಗಳೇ ಕೆಟ್ಟ ಮಗುವಿಗೆ ಮುಂದೆ ನಡಿಗೆ, ಬುದ್ಧಿಯ ಬೆಳವಣಿಗೆಗಳಲ್ಲಿ ತೊಡಕು, ಮೂರ್ಛೆರೋಗ ಬರುವ ಸಂಭವ ಹೆಚ್ಚು. ಬಿಳಿಯ ಭಾಗದಲ್ಲಿ ಮಾತ್ರ ಕಲೆಯಿರುವ ಮಕ್ಕಳು ಎಷ್ಟೋ ವೇಳೆ ಚೆನ್ನಾಗಿಯೇ ಬೆಳೆಯುತ್ತಾರೆ.

ಇನ್ನು ನನ್ನ ತಪ್ಪು. ಹಲವು ವರ್ಷಗಳ ಹಿಂದೆ ಇಂಥ ಸೋಂಕಿದ್ದ ಹೆಣ್ಣು ಕೂಸೊಂದರ ಮೆದುಳಿನ ಚಿತ್ರ ನಿರ್ಮಲವಾಗಿತ್ತು. ಕಿವಿಯ ಪರೀಕ್ಷೆಯೂ ಸರಿಯಾಗಿತ್ತು. "ನಿಶ್ಚಿಂತೆಯಿಂದ ಹೋಗಿಬಾರಮ್ಮ" ಎಂದೆ. ಮೂರು ವರ್ಷಗಳಾದ ಮೇಲೆ ಅಜ್ಜಿ ಮಗುವನ್ನೆತ್ತಿಕೊಂಡು ಬಂದರು. "ಕರೆದರೆ ತಿರುಗಿ ನೋಡೋದಿಲ್ಲ ಸ್ವಾಮಿ. ಹಟಮಾರಿ ಅಂತ ದಿನಾ ಬೈತಿದ್ವಿ" ಎಂದರು. ಹುಟ್ಟಿದಾಗ ಇದ್ದ ಶ್ರವಣಶಕ್ತಿ ಸದ್ದಿಲ್ಲದೆ ಇಳಿದುಹೋಗಿತ್ತು. ಮಾತು ಕಲಿಯುವ ವರ್ಷಗಳೇ ಕೈತಪ್ಪಿದ್ದವು.

ನನ್ನ ಚಿತ್ರ ಸುಳ್ಳು ಹೇಳಿರಲಿಲ್ಲ. ಕೇಳದ ಪ್ರಶ್ನೆಗೆ ಅದರಿಂದ ಉತ್ತರ ಪಡೆದವನು ನಾನು. ಹುಟ್ಟುವಾಗ ಯಾವ ಚಿಹ್ನೆಯೂ ಇಲ್ಲದ ಸೋಂಕಿನ ಮಕ್ಕಳಲ್ಲಿಯೂ ನೂರಕ್ಕೆ ಹತ್ತು ಹದಿನೈದು ಮಂದಿಗೆ ಕಿವುಡು ಬರುತ್ತದೆ, ಕೆಲವರಿಗೆ ವರ್ಷಗಳು ಕಳೆದ ಮೇಲೆ. ಆದುದರಿಂದ ಇಂಥ ಮಗುವಿನ ಕಿವಿಯನ್ನು ಶಾಲೆಗೆ ಸೇರುವವರೆಗಾದರೂ ಮತ್ತೆ ಮತ್ತೆ ಪರೀಕ್ಷಿಸಬೇಕು. ಹುಟ್ಟಿದ 21 ದಿನಗಳೊಳಗೆ ಜೊಲ್ಲು ಅಥವಾ ಮೂತ್ರದ ಪರೀಕ್ಷೆಯಾದರೆ ಸೋಂಕು ಹುಟ್ಟಿನಿಂದಲೇ ಇದ್ದದ್ದೆಂದು ನಿಶ್ಚಯಿಸಬಹುದು. ಚಿಹ್ನೆಗಳಿರುವ ಮಗುವಿಗೆ ಮೊದಲ ತಿಂಗಳಲ್ಲೇ ಆರಂಭಿಸಿ ಆರು ತಿಂಗಳು ಕೊಡುವ ಔಷಧಿಯಿಂದ ಕಿವಿಗೂ ಬೆಳವಣಿಗೆಗೂ ಸ್ವಲ್ಪಮಟ್ಟಿನ ಪ್ರಯೋಜನವಿದೆಯೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಿವುಡು ಬೇಗ ತಿಳಿದರೆ ಶ್ರವಣಯಂತ್ರವುಂಟು, ಶಸ್ತ್ರಚಿಕಿತ್ಸೆಯುಂಟು, ಸನ್ನೆಯ ಭಾಷೆಯುಂಟು.

ಆ ತಾಯಿಯ ಪ್ರಶ್ನೆಗೆ ಈಗ ನನ್ನ ಉತ್ತರ ಬೇರೆ: "ಚಿತ್ರ ಇಂದಿನದಮ್ಮ. ಆರು ತಿಂಗಳಿಗೆ ಮತ್ತೆ ಬನ್ನಿ, ಕಿವಿ ನೋಡೋಣ." ಕೇಳುಗರೇ, ನಿಮ್ಮ ಮನೆಯ ಮಗು ಕರೆದಾಗ ತಿರುಗದಿದ್ದರೆ ದಯವಿಟ್ಟು ಹಟವೆನ್ನಬೇಡಿ, ಮೊದಲು ಕಿವಿಯ ಪರೀಕ್ಷೆ ಮಾಡಿಸಿ.