ಇಂಜಿನಿಯರ್ ಸಾಹೇಬರ ನೆನಪು



ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಶಾಲಾ ಕೊಠಡಿ, ಮೋರಿ, ನೀರಿನ ಟ್ಯಾಂಕುಗಳನ್ನು ಕಟ್ಟಿಸಿದ ನಮ್ಮ ಮರ್ಹೂಮ್ ಇಂಜಿನಿಯರ್ ಸಾಹೇಬರ ಬಗ್ಗೆ ಎರಡು ಮಾತು. ನಮ್ಮ ಅಬ್ಬಾ ಅವರ ಕೈಕೆಳಗೆ ಗಾರೆ ಕೆಲಸ ಮಾಡುತ್ತಿದ್ದರು. ಸಾಹೇಬರ ಸ್ಕೂಟರಿನ ಡಿಕ್ಕಿಯಲ್ಲಿ ಸದಾ ಒಂದು ಗಾಜಿನ ಬಾಟಲಿ. ಅದಕ್ಕೆ ಮರಳು, ನೀರು ಹಾಕಿ ಕುಲುಕಿ ಇಡುವರು. ಮರಳು ತಳಕ್ಕಿಳಿದು, ಮಣ್ಣು ಅದರ ಮೇಲೆ ಪದರವಾಗಿ ನಿಲ್ಲುವುದು. ಪದರ ದಪ್ಪವಿದ್ದರೆ ಲಾರಿ ವಾಪಸ್! ಹಾಗೊಮ್ಮೆ ಅಬ್ಬಾರಿಗೆ ಮೂರು ದಿನದ ಕೂಲಿ ತಪ್ಪಿತು. ಮನೆಯಲ್ಲಿ ಎಲ್ಲರೂ ಸಾಹೇಬರನ್ನು ಬೈದೆವು, ನಾನೂ ಬೈದೆ. ಇಂದು ಆ ಕೊಠಡಿಯಲ್ಲೇ ಪಾಠ ಮಾಡುತ್ತಿದ್ದೇನೆ. ಯಾವ ಮಳೆಗೂ ತಾರಸಿ ಸೋರಿಲ್ಲ.

ಅವರು ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ವರದಿಗಳ ಕಾಗುಣಿತವನ್ನು ಮಗಳಿಂದ ತಿದ್ದಿಸಿಕೊಂಡು, ಅದನ್ನು ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದರು. ಬದಲಿಗೆ ರಾತ್ರಿ ಕುಳಿತು ಆಕೆಗೆ ಲೆಕ್ಕ ಹೇಳಿಕೊಡುತ್ತಿದ್ದರು. ಉರ್ದು ಮಾಧ್ಯಮದ ಮಕ್ಕಳು ಇದನ್ನು ಗಮನವಿಟ್ಟು ಕೇಳಬೇಕು.

ಒಂದು ಭಾನುವಾರ ತಮ್ಮ ಮಕ್ಕಳೊಡನೆ ನಮ್ಮನ್ನೂ ಶಿವನಸಮುದ್ರಕ್ಕೆ ಕರೆದೊಯ್ದು, ರಾಮಸ್ವಾಮಿ ಮೊದಲಿಯಾರ್ ಅವರು 19ನೇ ಶತಮಾನದಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ಎಣಿಸಿಸಿದ್ದರು. 2018ರ ಕಾವೇರಿ ಪ್ರವಾಹದಲ್ಲಿ ಆ ಸೇತುವೆಯ ಒಂದು ಭಾಗ ಕೊಚ್ಚಿಹೋದ ಸುದ್ದಿಯನ್ನು ನಾನೇ ಅವರಿಗೆ ತಿಳಿಸಿದೆ. ಹಾಸಿಗೆ ಹಿಡಿದಿದ್ದ ಸಾಹೇಬರು ಕೇಳಿದ್ದು ಒಂದೇ: "ಎಷ್ಟು ಕಂಬ ನಿಂತಿವೆ, ಬೇಟಾ?"